ಚದುರಂಗಕ್ಕೆ ಕ್ರೀಡಾಸಂಜ್ಞೆ

ಚದುರಂಗವು ಕ್ರೀಡೆಯೆ, ಅಲ್ಲವೆ ಎಂಬ ವಿವಾದವು ಪಾಶ್ಚಾತ್ಯ ದೇಶಗಳಲ್ಲಿ ಒಂದು ಶತಮಾನದಿಂದ ನಡೆಯುತ್ತ ಬಂದಿದ್ದು, ಈಚೆಗೆ ನಮ್ಮ ದೇಶದಲ್ಲಿಯೂ ಆಗಾಗ ತಲೆದೋರುತ್ತಿದೆ. ವಿವಾದದ ಎರಡು ಪಕ್ಷದವರೂ ಆಟದ ಸ್ವರೂಪವನ್ನೇ ಮುಂದಿಟ್ಟುಕೊಂಡು ವಾದಿಸುವರು. ದೇಹಶ್ರಮವಿಲ್ಲದ ಆಟವು ಕ್ರೀಡೆಯಾಗಲಾರದೆಂದು ಒಬ್ಬರು ಹೇಳಿದರೆ, ಸ್ಪರ್ಧೆ, ನಿಯಮ, ಅಭ್ಯಾಸ, ಜಯಾಪಜಯಗಳೆಲ್ಲವೂ ಇರುವಾಗ ಅದೇಕೆ ಕ್ರೀಡೆಯಲ್ಲವೆಂದು ಮತ್ತೊಬ್ಬರು ಕೇಳುವರು. ಆದರೆ ಈ ನೂರು ವರ್ಷಗಳ ವೃತ್ತಾಂತವನ್ನು ಕ್ರಮವಾಗಿ ಪರಿಶೀಲಿಸಿದರೆ, ನಿರ್ಣಯವು ಒಮ್ಮೆಯಾದರೂ ಸ್ವರೂಪವಿಚಾರದಿಂದ ಆದಂತೆ ಕಾಣುವುದಿಲ್ಲ. ಹೆಸರನ್ನು ಕೊಡುವ ಅಧಿಕಾರ ಯಾರದು, ಆ ಹೆಸರಿನಿಂದ ಯಾವ ಯಾವ ಕಾರ್ಯಗಳು ಪ್ರಾಪ್ತವಾಗುವುವು ಎಂಬ ಎರಡು ಪ್ರಶ್ನೆಗಳ ಮೇಲೆಯೇ ಎಲ್ಲವೂ ನಿಂತಿರುವುದು. ವ್ಯಾಕರಣಶಾಸ್ತ್ರದಲ್ಲಿ ಪರಿಶ್ರಮವುಳ್ಳವರಿಗೆ ಇಂತಹ ಹೆಸರುಗಳ ಸ್ವಭಾವವು ಹೊಸದಲ್ಲವಾದುದರಿಂದ, ಆ ಶಾಸ್ತ್ರದ ಪರಿಭಾಷೆಯಿಂದಲೇ ವಿಷಯವನ್ನು ವಿವರಿಸಲು ಇಲ್ಲಿ ಯತ್ನಿಸಿದೆ.

ಮೊದಲು ಶಬ್ದಗಳನ್ನು ನೋಡಬೇಕು. ‘ಕ್ರೀಡ್’ ಧಾತುವಿಗೆ ಧಾತುಪಾಠವು ವಿಹಾರವೆಂಬ ಅರ್ಥವನ್ನು ಹೇಳುವುದು. ಆ ಅರ್ಥದಲ್ಲಿ ಮಕ್ಕಳ ಗೋಲಿಯಾಟವೂ ಕ್ರೀಡೆಯೇ, ಅರಸರ ಜಲವಿಹಾರವೂ ಕ್ರೀಡೆಯೇ; ಚದುರಂಗದ ವಿಷಯದಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ವಿವಾದವಿರುವುದು ಇಂಗ್ಲಿಷಿನ ‘ಸ್ಪೋರ್ಟ್’ ಎಂಬ ಮಾತಿನ ವಿಷಯದಲ್ಲಿ; ನಮ್ಮ ವೃತ್ತಪತ್ರಿಕೆಗಳು ಅದಕ್ಕೆ ‘ಕ್ರೀಡೆ’ ಎಂಬುದನ್ನು ಪರ್ಯಾಯವಾಗಿ ಬಳಸುತ್ತ ಬಂದುದರಿಂದ ಅಲ್ಲಿಯ ಸಂದೇಹವು ಇಲ್ಲಿಯ ಶಬ್ದಕ್ಕೂ ಅಂಟಿಕೊಂಡಿತು. ಆ ಇಂಗ್ಲಿಷ್ ಮಾತಾದರೂ ಹಳೆಯ ಫ್ರೆಂಚ್ ಭಾಷೆಯಿಂದ ಬಂದ ‘ಡಿಸ್ಪೋರ್ಟ್’ ಎಂಬುದರ ಆದ್ಯಕ್ಷರಗಳು ಬಿದ್ದು ಉಳಿದ ರೂಪ. ಮನಸ್ಸನ್ನು ಕೆಲಸದ ಕಡೆಯಿಂದ ಆಚೆಗೆ ಒಯ್ಯುವುದೆಂದು ಅದರ ಅವಯವಾರ್ಥ. ‘ವಿ’ ಉಪಸರ್ಗಪೂರ್ವಕವಾದ ‘ನುದ್’ ಧಾತುವಿನಿಂದ ಹುಟ್ಟಿದ ನಮ್ಮ ‘ವಿನೋದ’ ಶಬ್ದಕ್ಕೆ ಇದು ಎಷ್ಟು ಸಮೀಪವಾಗಿದೆಯೆಂಬುದನ್ನು ವಾಚಕರು ಗಮನಿಸಬಹುದು. ಎರಡರಲ್ಲಿಯೂ ಬೇಸರವನ್ನು ದೂರಮಾಡುವುದೇ ಮುಖ್ಯಾರ್ಥ. ಬೆವರಿನ ಮಾತು ಒಂದರಲ್ಲಿಯೂ ಇಲ್ಲ.

ಕನ್ನಡನಾಡಿನಲ್ಲಿಯೇ ಬರೆದ ಒಂದು ಗ್ರಂಥದಲ್ಲಿ ಈ ವಿಷಯಕ್ಕೆ ಸ್ವಾರಸ್ಯವಾದ ಸಾಕ್ಷ್ಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಐದು ವಿಂಶತಿಗಳಾಗಿ ವಿಭಕ್ತವಾಗಿದೆ. ಅವುಗಳಲ್ಲಿ ನಾಲ್ಕನೆಯದು ವಿನೋದಗಳನ್ನೂ ಐದನೆಯದು ಕ್ರೀಡೆಗಳನ್ನೂ ನಿರೂಪಿಸುವುವು. ಮಲ್ಲಯುದ್ಧವನ್ನೂ ಶಸ್ತ್ರಪ್ರದರ್ಶನವನ್ನೂ ಕೋಳಿಯ ಕಾಳಗವನ್ನೂ ಸೋಮೇಶ್ವರನು ವಿನೋದಗಳ ಸಾಲಿನಲ್ಲಿ ಇಟ್ಟಿದ್ದಾನೆ. ಚತುರಂಗವನ್ನು ಇಟ್ಟಿರುವುದು ಕ್ರೀಡೆಗಳ ಸಾಲಿನಲ್ಲಿ, ವನಕ್ರೀಡೆ, ಜಲಕ್ರೀಡೆ, ಪ್ರಹೇಲಿಕೆ, ಪಗಡೆಗಳ ಜೊತೆಗೆ. ಮಲ್ಲರು ಹೋರಾಡುವುದನ್ನು ಅರಸನು ಕುಳಿತು ನೋಡುವನು, ಆದುದರಿಂದ ಅದು ಅವನಿಗೆ ವಿನೋದ. ಚತುರಂಗವನ್ನು ತಾನೇ ಆಡುವನು, ಆದುದರಿಂದ ಅದು ಕ್ರೀಡೆ. ವಿಂಗಡಣೆಯ ಸೂತ್ರವು ಸ್ಥೂಲವಾಗಿ ಹೀಗಿರುವಂತೆ ತೋರುತ್ತದೆ. ಇಂದಿನ ಅಂತರರಾಷ್ಟ್ರೀಯ ಸಂಸ್ಥೆಗಳು ಮಾಡಿರುವ ವಿಭಾಗಕ್ಕೆ ಇದು ಸರಿಯಾಗಿ ತಲೆಕೆಳಗು. ಇದರಿಂದ ಸೋಮೇಶ್ವರನು ಸರಿ, ಅವರು ತಪ್ಪು ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಯಾವ ಪ್ರಯೋಜನಕ್ಕಾಗಿ ವಿಂಗಡಿಸುತ್ತೇವೆಯೋ ಅದಕ್ಕೆ ತಕ್ಕಂತೆ ಗೆರೆಯು ಬೀಳುವುದೆಂಬುದಕ್ಕೆ ಇದೊಂದು ನಿದರ್ಶನ.

ಶಾಸ್ತ್ರದಲ್ಲಿ ಹೆಸರುಗಳು ಎರಡು ಬಗೆಯವು. ‘ಸರ್ವನಾಮ’ ಎಂಬಂತಹವು ಅನ್ವರ್ಥಸಂಜ್ಞೆಗಳು. ಹೆಸರಿನ ಅರ್ಥವು ವಸ್ತುವಿನಲ್ಲಿ ಕಾಣುವುದು. ‘ಟಿ’, ‘ಘು’, ‘ಭ’ ಎಂಬಂತಹವು ಕೇವಲ ಕೃತ್ರಿಮಸಂಜ್ಞೆಗಳು. ಇವೆರಡರ ನಡುವೆ ‘ವೃದ್ಧಿ’ ಎಂಬಂತಹ ಹೆಸರುಗಳುಂಟು. ಲೋಕದಲ್ಲಿ ಅದಕ್ಕೆ ಬೆಳವಣಿಗೆಯೆಂದು ಅರ್ಥವಿದ್ದರೂ ಪಾಣಿನಿಯು ಅದನ್ನು ಆ, ಐ, ಔ ಎಂಬ ಮೂರು ಸ್ವರಗಳಿಗೆ ಸಂಜ್ಞೆಯಾಗಿ ಇಟ್ಟನು. ಈ ಮೂರು ಸ್ವರಗಳಲ್ಲಿ ಬೆಳವಣಿಗೆ ಎಲ್ಲಿದೆಯೆಂದು ಯಾರೂ ಜಗಳವಾಡುವುದಿಲ್ಲ. ಮುಂದೆ ಬರುವ ಸೂತ್ರಗಳ ಕಾರ್ಯಗಳು ಅವಕ್ಕೆ ಒದಗಲೆಂದು ಆ ಹೆಸರು. ‘ಕ್ರೀಡೆ’ ಎಂಬುದು ಇಂದಿನ ಆಡಳಿತವ್ಯವಹಾರದಲ್ಲಿ ಈ ಮೂರನೆಯ ಬಗೆಯ ಸಂಜ್ಞೆಯಾಗಿದೆ. ಅದು ದೊರೆತರೆ ಸರ್ಕಾರದ ಅನುದಾನ, ತೆರಿಗೆಯ ವಿನಾಯಿತಿ, ಪ್ರಶಸ್ತಿ, ಉದ್ಯೋಗದಲ್ಲಿ ಮೀಸಲು, ಶಾಲೆಯಲ್ಲಿ ರಜೆ ಮೊದಲಾದ ಕಾರ್ಯಗಳು ದೊರೆಯುವುವು, ದೊರೆಯದಿದ್ದರೆ ಇಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ವೃತ್ತಾಂತಕ್ಕೆ ಬರೋಣ.

1924ನೆಯ ಇಸವಿಯಲ್ಲಿ ಪ್ಯಾರಿಸ್ ನಗರದಲ್ಲಿ ಒಲಿಂಪಿಕ್ ಕ್ರೀಡೋತ್ಸವವು ನಡೆದಾಗ, ಅಲ್ಲಿಯೇ ಚದುರಂಗದ ಸ್ಪರ್ಧೆಯೊಂದೂ ಏರ್ಪಟ್ಟಿತು. 18 ದೇಶಗಳಿಂದ 54 ಮಂದಿ ಆಟಗಾರರು ಬಂದಿದ್ದರು. ಲ್ಯಾಟ್ವಿಯ ದೇಶದ ಹರ್ಮಾನಿಸ್ ಮ್ಯಾಟಿಸನ್ಸ್ ಎಂಬಾತನು ಗೆದ್ದನು. ಆ ಸ್ಪರ್ಧೆಯ ಕೊನೆಯ ದಿನವಾದ ಜುಲೈ 20ರಂದು 15 ಮಂದಿ ಪ್ರತಿನಿಧಿಗಳು ಸಹಿಮಾಡಿ ವಿಶ್ವ ಚದುರಂಗ ಸಂಘವನ್ನು ಸ್ಥಾಪಿಸಿದರು. ಫ್ರೆಂಚ್ ಹೆಸರಿನ ಆದ್ಯಕ್ಷರಗಳಿಂದ ಅದು ‘ಫಿಡೆ’ ಎಂದು ಪ್ರಸಿದ್ಧವಾಗಿದೆ. ನಾವೆಲ್ಲರೂ ಒಂದೇ ಕುಲದವರೆಂಬ ಅರ್ಥದ ಲ್ಯಾಟಿನ್ ವಾಕ್ಯವನ್ನು ಅದು ತನ್ನ ಧ್ಯೇಯವಾಕ್ಯವನ್ನಾಗಿ ಮಾಡಿಕೊಂಡಿತು. ಹಾಲೆಂಡಿನ ಅಲೆಕ್ಸಾಂಡರ್ ರ್‍ಯೂಬ್ ಮೊದಲ ಅಧ್ಯಕ್ಷನಾಗಿ 1949ರ ವರೆಗೆ ಇದ್ದನು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಚದುರಂಗವು ಅಂದು ಒಲಿಂಪಿಕ್ ಕ್ರೀಡೆಗಳ ಒಳಗೆ ಸೇರದೆ ಹೊರಗೆ ನಿಂತುದಕ್ಕೆ ಮುಖ್ಯ ತೊಡಕಾದುದು ಹವ್ಯಾಸಿಗಳು, ವೃತ್ತಿಯವರು ಎಂಬ ಭೇದ. ಹಣಕ್ಕಾಗಿ ಆಡುವವನಿಗೆ ಆ ಕಾಲದ ಒಲಿಂಪಿಕ್ ನಿಯಮದಲ್ಲಿ ಪ್ರವೇಶವಿರಲಿಲ್ಲ. ಚದುರಂಗದಲ್ಲಿಯಾದರೋ ಯಾವನು ಹವ್ಯಾಸಿ, ಯಾವನು ವೃತ್ತಿಯವನು ಎಂದು ಗೆರೆ ಎಳೆಯುವುದು ದುಸ್ಸಾಧ್ಯವಾಗಿದ್ದಿತು. ದೇಹಶ್ರಮವಿಲ್ಲವೆಂಬ ವಾದವು ಪ್ರಬಲವಾಗಿ ಮುಂದೆ ಬಂದುದು ಬಹಳ ಕಾಲಾನಂತರ, ಹಣದ ನಿಷೇಧವನ್ನು ಒಲಿಂಪಿಕ್ ಸಮಿತಿಯವರು ತಾವೇ ಸಡಿಲಿಸಿಬಿಟ್ಟ ಮೇಲೆ. ಒಂದು ಹೇತುವು ಬಿದ್ದುಹೋದಾಗ ಮತ್ತೊಂದು ಹೇತುವು ಅದರ ಸ್ಥಾನಕ್ಕೆ ಬಂದಿತು. ನಿರ್ಣಯವು ಮಾತ್ರ ಇದ್ದಲ್ಲಿಯೇ ಇದ್ದಿತು. ತರ್ಕಶಾಸ್ತ್ರವನ್ನು ಓದಿದವರು ಇದಕ್ಕೆ ಏನು ಹೇಳುವರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ 1924ರಲ್ಲಿ ಮಾಸ್ಕೋ ನಗರದಲ್ಲಿ ಬೇರೊಂದು ನಿರ್ಣಯವಾಯಿತು. ಸೋವಿಯತ್ ಸರ್ಕಾರವು ಚದುರಂಗವನ್ನು ದೇಹಸಂಸ್ಕಾರದ ಪರಮೋಚ್ಚ ಮಂಡಳಿಯ ಆಶ್ರಯಕ್ಕೆ ಸೇರಿಸಿ, ನಿಕೊಲಾಯ್ ಕ್ರಿಲೆಂಕೊ ಎಂಬ ಅಧಿಕಾರಿಯನ್ನು ಆ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಮಾಡಿತು. ಮರುವರ್ಷವೇ ಸರ್ಕಾರದ ವೆಚ್ಚದಿಂದ ಮಾಸ್ಕೋದಲ್ಲಿ ದೊಡ್ಡದೊಂದು ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ಅಲ್ಲಿ ಚದುರಂಗದಲ್ಲಿ ದೇಹವಿದೆಯೆ ಎಂದು ಯಾರೂ ಕೇಳಲಿಲ್ಲ. ಜನಸಾಮಾನ್ಯರಿಗೆ ಬುದ್ಧಿಯ ಶಿಕ್ಷಣವನ್ನು ಕೊಡಬೇಕೆಂಬುದು ಸರ್ಕಾರದ ಇಷ್ಟವಾಗಿದ್ದಿತು, ಸಂಜ್ಞೆಯೂ ಅದಕ್ಕೆ ತಕ್ಕಂತೆ ಆಯಿತು. ಆ ಒಂದು ಹೆಸರಿನಿಂದ ಎಷ್ಟು ಕಾರ್ಯವು ಹೊರಟಿತೆಂಬುದನ್ನು ಮುಂದಿನ ಅರ್ಧ ಶತಮಾನದ ಚರಿತ್ರೆ ಹೇಳುತ್ತದೆ: 1948ರಿಂದ 1972ರ ವರೆಗೆ ವಿಶ್ವವಿಜೇತನ ಪದವಿಯು ಆ ದೇಶದವರ ಕೈಯಿಂದ ಒಮ್ಮೆಯೂ ಜಾರಲಿಲ್ಲ. ಹೆಸರನ್ನು ಕೊಟ್ಟ ರಾಜ್ಯವು ಕೊಟ್ಟವನನ್ನು ಕಾಪಾಡಲಿಲ್ಲವೆಂಬುದೂ ನಿಜ. ಕ್ರಿಲೆಂಕೊ 1938ರಲ್ಲಿ ಮರಣದಂಡನೆಗೆ ಗುರಿಯಾದನು.

ಫಿಡೆ ಸಂಸ್ಥೆಯ ಕೈಗೆ ಸಂಜ್ಞೆಗಳನ್ನು ಕೊಡುವ ಅಧಿಕಾರವು ಒಮ್ಮೆಗೇ ಬರಲಿಲ್ಲ. ವಿಶ್ವವಿಜೇತನ ಪದವಿಯು ಬಹುಕಾಲ ವಿಜೇತನ ಸ್ವಂತ ಸೊತ್ತಿನಂತೆ ಇದ್ದಿತು. ಯಾರೊಡನೆ ಆಡಬೇಕು, ಎಷ್ಟು ಪಣವೆಂಬುದನ್ನು ಅವನೇ ಗೊತ್ತುಮಾಡುತ್ತಿದ್ದನು. 1946ರಲ್ಲಿ ಅಲೆಖಿನ್ ಪದವಿಯಲ್ಲಿರುವಾಗಲೇ ತೀರಿಕೊಂಡುದರಿಂದ ಆ ಸೊತ್ತು ವಾರಸುದಾರನಿಲ್ಲದೆ ಉಳಿಯಿತು. 1947ರಲ್ಲಿ ಸೋವಿಯತ್ ದೇಶವು ಫಿಡೆಯನ್ನು ಸೇರಿತು; 1948ರಲ್ಲಿ ಹೇಗ್ ಮತ್ತು ಮಾಸ್ಕೋ ನಗರಗಳಲ್ಲಿ ಐವರ ಸ್ಪರ್ಧೆಯನ್ನು ನಡೆಸಿ, ಗೆದ್ದ ಬೊತ್ವಿನಿಕ್‍ನಿಗೆ ಸಂಸ್ಥೆಯೇ ಪದವಿಯನ್ನು ಕೊಟ್ಟಿತು. 1950ರಲ್ಲಿ ‘ಗ್ರ್ಯಾಂಡ್ ಮಾಸ್ಟರ್’ ಎಂಬ ಬಿರುದನ್ನು ಶಾಸನಬದ್ಧವಾಗಿ ಮಾಡಿ 27 ಮಂದಿಗೆ ಅನುಗ್ರಹಿಸಿತು.

ಆ 27 ಹೆಸರುಗಳಲ್ಲಿ ನಮ್ಮ ಉಪಖಂಡದ ಒಂದು ಹೆಸರು ಇಲ್ಲದಿರುವುದನ್ನು ಇಲ್ಲಿ ಹೇಳದಿರಲಾರೆ. ಪಂಜಾಬಿನ ಮೀರ್ ಸುಲ್ತಾನ್ ಖಾನನು ತನ್ನ ಒಡೆಯನೊಡನೆ ಇಂಗ್ಲೆಂಡಿಗೆ ಹೋಗಿ, 1929, 1932, 1933ನೆಯ ಇಸವಿಗಳಲ್ಲಿ ಮೂರು ಬಾರಿ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದವನು. ಅನಂತರ ಊರಿಗೆ ಹಿಂದಿರುಗಿ ಸ್ಪರ್ಧೆಗಳಿಂದ ದೂರವಾದನು, 1966ರಲ್ಲಿ ತೀರಿಕೊಂಡನು. ಯೂರೋಪಿನ ಅತಿ ಪ್ರಬಲ ಆಟಗಾರರೊಡನೆ ಸಮನಾಗಿ ಕಾದಾಡಿದ ಆತನಿಗೆ ಜೀವಿತಕಾಲದಲ್ಲಿ ಬಿರುದು ಬರಲಿಲ್ಲ. 2024ರ ಫೆಬ್ರವರಿಯಲ್ಲಿ, ಫಿಡೆಯು ತನ್ನ ಶತಮಾನೋತ್ಸವದ ವರ್ಷದಲ್ಲಿ, ಗೌರವ ಗ್ರ್ಯಾಂಡ್ ಮಾಸ್ಟರ್ ಬಿರುದನ್ನು ಮರಣೋತ್ತರವಾಗಿ ಕೊಟ್ಟಿತು. ಆಟದಲ್ಲಿ ಅಂದಿಗೂ ಇಂದಿಗೂ ಏನೂ ಬದಲಾಗಿಲ್ಲ. ಅವೇ ನಡೆಗಳು, ಅವೇ ಗೆಲವುಗಳು. ಹೆಸರು ಬರುವುದಕ್ಕೆ ಮಾತ್ರ 74 ವರ್ಷಗಳು ಬೇಕಾದುವು.

ಕ್ರೀಡೆಯೆಂಬ ಸಂಜ್ಞೆಯು ಬರುವುದಕ್ಕೆ ಮೊದಲೇ ಕ್ರೀಡಾಸಂಸ್ಥೆಗಳ ರಾಜಕೀಯವೆಲ್ಲವೂ ಚದುರಂಗಕ್ಕೆ ಬಂದಿತೆಂಬುದು ಮತ್ತೊಂದು ವಿಚಿತ್ರ. 1927ರಲ್ಲಿ ಲಂಡನ್ನಿನಲ್ಲಿ ಆರಂಭವಾದ ತಂಡಗಳ ಸ್ಪರ್ಧೆಗೆ ‘ಒಲಿಂಪಿಯಾಡ್’ ಎಂಬ ಹೆಸರನ್ನು ಎರವಲು ತಂದರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ನಾಲ್ಕು ವರ್ಷಗಳ ಅವಧಿಯೆಂದು ಅರ್ಥ. 1950ರಿಂದ ಈಚೆಗೆ ಚದುರಂಗದ ಒಲಿಂಪಿಯಾಡ್ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ! 1976ರಲ್ಲಿ ಅದು ಇಸ್ರೇಲಿನ ಹೈಫಾ ನಗರದಲ್ಲಿ ನಡೆದಾಗ ಸೋವಿಯತ್ ದೇಶವೂ ಅರಬ್ ದೇಶಗಳೂ ಬಹಿಷ್ಕರಿಸಿದುವು. ಲಿಬಿಯದ ಟ್ರಿಪೊಲಿಯಲ್ಲಿ ಪ್ರತಿಸ್ಪರ್ಧೆಯೊಂದು ನಡೆಯಿತು. ಒಲಿಂಪಿಕ್ ಉತ್ಸವಗಳ ಮಹಾ ಬಹಿಷ್ಕಾರಗಳು 1980 ಮತ್ತು 1984ರಲ್ಲಿ ಆದುವೆಂಬುದನ್ನು ನೆನೆದರೆ, ಈ ಒಂದು ವಿಷಯದಲ್ಲಿ ಚದುರಂಗವು ಅವುಗಳಿಗಿಂತ ಮುಂದೆ ಇದ್ದಿತು.

ಇನ್ನು ದೇಹಶ್ರಮದ ವಾದ. ಚದುರಂಗದಲ್ಲಿ ದೇಹಕ್ಕೆ ಆಯಾಸವೇ ಇಲ್ಲವೆಂದು ಹೇಳುವವರು 1984–85ರ ಕಾರ್ಪೊವ್–ಕಾಸ್ಪರೊವ್ ಪಂದ್ಯವನ್ನು ಓದಬೇಕು. ಆರು ಆಟಗಳನ್ನು ಮೊದಲು ಗೆದ್ದವನಿಗೆ ಪದವಿಯೆಂದು ನಿಯಮವಿದ್ದಿತು. 1984ರ ಸೆಪ್ಟೆಂಬರಿನಲ್ಲಿ ಆರಂಭವಾದ ಆ ಪಂದ್ಯವು ಐದು ತಿಂಗಳು ನಡೆದು 48 ಆಟಗಳಾದರೂ ಮುಗಿಯಲಿಲ್ಲ. 40 ಆಟಗಳು ಸಮವಾಗಿದ್ದುವು. 1985ರ ಫೆಬ್ರವರಿ 15ರಂದು ಫಿಡೆಯ ಅಧ್ಯಕ್ಷ ಕಂಪೊಮನೆಸ್, ಆಟಗಾರರು ಬಳಲಿದ್ದಾರೆಂಬ ಕಾರಣವನ್ನು ಕೊಟ್ಟು ಪಂದ್ಯವನ್ನು ನಿಲ್ಲಿಸಿಬಿಟ್ಟನು. ಆಗ ಕಾರ್ಪೊವ್ 5, ಕಾಸ್ಪರೊವ್ 3 ಆಟಗಳನ್ನು ಗೆದ್ದಿದ್ದರು. ಕಾಸ್ಪರೊವ್ ಕೊನೆಯ ಎರಡು ಆಟಗಳನ್ನು ಒಂದರ ಮೇಲೊಂದು ಗೆದ್ದು ಹುರುಪಿನಲ್ಲಿದ್ದನು. ಪಂದ್ಯವನ್ನು ನಿಲ್ಲಿಸಿದುದು ಯಾರ ಹಿತಕ್ಕಾಗಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದು ಹೇಗೂ ಇರಲಿ. ಚದುರಂಗದ ಅತ್ಯುನ್ನತ ಪಂದ್ಯವೊಂದು ದೇಹದ ದಣಿವೆಂಬ ಕಾರಣದಿಂದ ಅಧಿಕೃತವಾಗಿ ನಿಂತಿತು, ಆದರೂ ಅದರಿಂದ ಚದುರಂಗಕ್ಕೆ ಸಂಜ್ಞೆ ದೊರೆಯಲಿಲ್ಲ. ಸ್ವರೂಪವೇ ನಿರ್ಣಾಯಕವಾಗಿದ್ದರೆ ಇದಕ್ಕಿಂತ ಒಳ್ಳೆಯ ಪ್ರಮಾಣವು ಎಲ್ಲಿ ದೊರಕೀತು?

1993ರಲ್ಲಿ ಕಾಸ್ಪರೊವನೂ ಇಂಗ್ಲೆಂಡಿನ ಷಾರ್ಟ್ ಎಂಬಾತನೂ ಫಿಡೆಯನ್ನು ಬಿಟ್ಟು ತಮ್ಮ ಪಂದ್ಯವನ್ನು ತಾವೇ ಆಡಿದರು. ಅಲ್ಲಿಂದ 2006ರ ವರೆಗೆ ಲೋಕದಲ್ಲಿ ಇಬ್ಬಿಬ್ಬರು ವಿಶ್ವವಿಜೇತರಿದ್ದರು. ಹೀಗೆ ಮನೆ ಎರಡಾಗಿರುವಾಗಲೇ ಫಿಡೆಯು ಒಲಿಂಪಿಕ್ ಸಮಿತಿಯ ಬಾಗಿಲನ್ನು ಬಲವಾಗಿ ತಟ್ಟತೊಡಗಿದುದು ಆಶ್ಚರ್ಯವಲ್ಲ. ಒಂದು ಆಟಕ್ಕೆ ಒಂದೇ ಅಂತರರಾಷ್ಟ್ರೀಯ ಸಂಸ್ಥೆಯೆಂಬುದು ಆ ಸಮಿತಿಯ ಪದ್ಧತಿ. ಅದರ ಮನ್ನಣೆ ದೊರೆತ ಸಂಸ್ಥೆಗೆ ಪ್ರತಿಸ್ಪರ್ಧಿಗಳ ಭಯ ಕಡಮೆಯಾಗುವುದು. 1995ರಲ್ಲಿ ಅಧ್ಯಕ್ಷನಾದ ಕಿರ್ಸಾನ್ ಇಲ್ಯುಂಜಿನೊವ್, ಆಗ ರಷ್ಯದ ಕಲ್ಮಿಕಿಯ ಪ್ರಾಂತಕ್ಕೂ ಅಧ್ಯಕ್ಷನಾಗಿದ್ದವನು, ಈ ಕೆಲಸವನ್ನು ಮುಂದೆ ಹೂಡಿದನು. 1999ರ ಜೂನ್ ತಿಂಗಳಲ್ಲಿ ಒಲಿಂಪಿಕ್ ಸಮಿತಿಯು ಫಿಡೆಯನ್ನು ಅಂತರರಾಷ್ಟ್ರೀಯ ಕ್ರೀಡಾಸಂಸ್ಥೆಯೆಂದು ಅಂಗೀಕರಿಸಿತು. ಮರುವರ್ಷ ಸಿಡ್ನಿಯ ಒಲಿಂಪಿಕ್ ಉತ್ಸವದ ಕಾಲದಲ್ಲಿ ವಿಶ್ವನಾಥನ್ ಆನಂದರೂ ಸ್ಪೇಯ್ನಿನ ಷಿರೊವ್ ಎಂಬಾತನೂ ಪ್ರದರ್ಶನಕ್ಕಾಗಿ ಆಡಿದರು.

ಅಂಗೀಕಾರ ಬಂದಿತು, ಉತ್ಸವದೊಳಗೆ ಸ್ಥಾನ ಬರಲಿಲ್ಲ. ಇದನ್ನು ತಿಳಿಯಲು ಮಹಾಭಾಷ್ಯದಲ್ಲಿ ಬರುವ ಅತಿದೇಶದ ಪ್ರಸಿದ್ಧ ದೃಷ್ಟಾಂತಕ್ಕಿಂತ ಉತ್ತಮವಾದುದು ನನಗೆ ತೋರದು. ಗುರುಪುತ್ರನಲ್ಲಿ ಗುರುವಿನಲ್ಲಿ ಹೇಗೋ ಹಾಗೆಯೇ ನಡೆದುಕೊಳ್ಳಬೇಕೆಂಬುದು ವಿಧಿ. ಆದರೆ ಉಚ್ಛಿಷ್ಟಭೋಜನವೂ ಪಾದಗ್ರಹಣವೂ ಇದಕ್ಕೆ ಹೊರತು. ಗುರುವಿನ ಧರ್ಮಗಳು ಗುರುಪುತ್ರನಿಗೆ ಅತಿದಿಷ್ಟವಾಗುವುವು, ಎಲ್ಲವೂ ಅಲ್ಲ. ಯಾವುವು ಆಗುವುವು, ಯಾವುವು ಆಗುವುದಿಲ್ಲವೆಂಬುದನ್ನು ಗುರುಪುತ್ರನ ಯೋಗ್ಯತೆಯಿಂದ ತಿಳಿಯಲಾಗದು. ವಿಧಿಸುವವನ ಮಾತಿನಿಂದಲೇ ತಿಳಿಯಬೇಕು. ಒಲಿಂಪಿಕ್ ಸಮಿತಿಯ ಮನೆಯಲ್ಲಿ ಚದುರಂಗವು 1999ರಿಂದ ಗುರುಪುತ್ರನ ಸ್ಥಾನದಲ್ಲಿದೆ. 2002ರಲ್ಲಿ ಆ ಸಮಿತಿಯ ಕಾರ್ಯಕ್ರಮ ಆಯೋಗವು, ಬುದ್ಧಿಯ ಆಟಗಳು ಒಲಿಂಪಿಕ್ ಕಾರ್ಯಕ್ರಮಕ್ಕೆ ಅರ್ಹವಲ್ಲವೆಂದು ಸ್ಪಷ್ಟವಾಗಿ ಶಿಫಾರಸು ಮಾಡಿತು. ಚಳಿಗಾಲದ ಉತ್ಸವಕ್ಕಾದರೂ ಸೇರಿಸಿರೆಂದು ಕೇಳೋಣವೆಂದರೆ, ಅಲ್ಲಿ ಹಿಮದ ಮೇಲೆ ಇಲ್ಲವೆ ಮಂಜುಗಡ್ಡೆಯ ಮೇಲೆ ಆಡುವ ಕ್ರೀಡೆಗಳಿಗೆ ಮಾತ್ರ ಎಡೆಯೆಂಬ ನಿಯಮವು ಅಡ್ಡವಾಗಿ ನಿಂತಿದೆ.

ಅತಿದೇಶದಿಂದ ಬರುವ ಧರ್ಮಗಳಲ್ಲಿ ಹಕ್ಕುಗಳಷ್ಟೇ ಬಾಧ್ಯತೆಗಳೂ ಉಂಟು; ಚದುರಂಗಕ್ಕೆ ಅವು ಮೊದಲು ಬಂದುವು. ಮುಖ್ಯವಾದುದು ಮಾದಕದ್ರವ್ಯಗಳ ಪರೀಕ್ಷೆ. ಓಟಗಾರನೂ ಭಾರವೆತ್ತುವವನೂ ಮೂತ್ರದ ಮಾದರಿಯನ್ನು ಕೊಡುವಂತೆ ಚದುರಂಗದವನೂ ಕೊಡಬೇಕಾಯಿತು. ಯಾವ ಔಷಧಿಯು ಒಂದು ಒಳ್ಳೆಯ ನಡೆಯನ್ನು ಹೊಳೆಯಿಸುವುದೆಂದು ಆಟಗಾರರು ನಗೆಯಾಡಿದರು. 2004ರ ವರೆಗೆ ಕಾಫಿಯ ಸಾರವಾದ ಕೆಫೀನ್ ಸಹ ಒಂದು ಮಿತಿಗೆ ಮೀರಿದರೆ ನಿಷಿದ್ಧದ್ರವ್ಯಗಳ ಪಟ್ಟಿಯಲ್ಲಿ ಇದ್ದಿತು. ಕಾಫಿಯ ಅಂಗಡಿಗಳಲ್ಲಿಯೇ ಬೆಳೆದ ಆಟಕ್ಕೆ ಇದಕ್ಕಿಂತ ಪರಿಹಾಸವಿಲ್ಲ. 2004ರಲ್ಲಿ ಕಾಲ್ವಿಯದ ಒಲಿಂಪಿಯಾಡಿನಲ್ಲಿ ಪರೀಕ್ಷೆಗೆ ಒಪ್ಪದ ಇಬ್ಬರು ಆಟಗಾರರ ಅಂಕಗಳನ್ನು ರದ್ದುಪಡಿಸಲಾಯಿತು. 2008ರ ನವೆಂಬರಿನಲ್ಲಿ ಡ್ರೆಸ್ಡೆನ್ ನಗರದಲ್ಲಿ ಉಕ್ರೇನಿನ ವಸಿಲಿ ಇವಾನ್ಚುಕ್, ಲೋಕದ ಶ್ರೇಷ್ಠ ಆಟಗಾರರಲ್ಲೊಬ್ಬನು, ಕೊನೆಯ ಸುತ್ತಿನಲ್ಲಿ ಸೋತು, ಮನಸ್ಸು ಕಲಕಿ, ಪರೀಕ್ಷೆಗೆ ಕರೆದವನೊಡನೆ ಹೋಗದೆ ಹೊರಟುಹೋದನು. ನಿಯಮದಂತೆ ಅದು ನಿರಾಕರಣೆಗೆ ಸಮಾನವಾಗಿ ದೀರ್ಘಕಾಲದ ಬಹಿಷ್ಕಾರಕ್ಕೆ ಕಾರಣವಾಗಬಹುದಾಗಿದ್ದಿತು. ಪರೀಕ್ಷೆಗೆ ಕರೆದ ಕ್ರಮದಲ್ಲಿಯೇ ದೋಷವಿದ್ದಿತೆಂದು ವಿಚಾರಣಾ ಮಂಡಳಿಯು 2009ರ ಜನವರಿಯಲ್ಲಿ ತೀರ್ಮಾನಿಸಿದುದರಿಂದ ಆತನು ಉಳಿದುಕೊಂಡನು. ಕುದುರೆ, ಒಂಟೆಗಳ ಲೆಕ್ಕಾಚಾರದಲ್ಲಿ ಮುಳುಗಿ ಹೊರಗಿನ ಲೋಕವನ್ನು ಮರೆತ ಒಬ್ಬನಿಗೆ, ಮೂತ್ರವನ್ನು ಕೊಡಲಿಲ್ಲವೆಂದು ಆಟವನ್ನೇ ನಿಷೇಧಿಸುವ ಸಂಭವವು ಬಂದಿತಲ್ಲ! ಹೆಸರಿಗಾಗಿ ತೆತ್ತ ಬೆಲೆಯನ್ನು ಅಳೆಯಲು ಈ ಒಂದು ಪ್ರಸಂಗವು ಸಾಕು.

ಎರಡನೆಯ ಬಾಧ್ಯತೆಯು ಹೆಚ್ಚು ಸೂಕ್ಷ್ಮವಾದುದು. ಫಿಡೆಯಲ್ಲಿ ಮತವಿರುವುದು ಆಟಗಾರರಿಗಲ್ಲ, ದೇಶೀಯ ಸಂಘಗಳಿಗೆ. ದೊಡ್ಡ ದೇಶಕ್ಕೂ ಪುಟ್ಟ ದ್ವೀಪಕ್ಕೂ ಒಂದೊಂದೇ ಮತ. 2010ರ ಚುನಾವಣೆಯಲ್ಲಿ ಕಾರ್ಪೊವ್, 2014ರಲ್ಲಿ ಕಾಸ್ಪರೊವ್, ಹೀಗೆ ಇಬ್ಬರು ಹಿಂದಿನ ವಿಶ್ವವಿಜೇತರು ಇಲ್ಯುಂಜಿನೊವ್‍ಗೆ ಎದುರಾಗಿ ನಿಂತು ಸೋತರು. 2014ರಲ್ಲಿ 110 ಮತಗಳಿಗೆ ಎದುರಾಗಿ ಕಾಸ್ಪರೊವ್‍ಗೆ ಬಂದುವು 61. 2015ರಲ್ಲಿ ಅಮೆರಿಕದ ಸರ್ಕಾರವು ಇಲ್ಯುಂಜಿನೊವ್ ಮೇಲೆ ಆರ್ಥಿಕ ನಿರ್ಬಂಧವನ್ನು ಹೇರಿದ ಮೇಲೂ ಆತನು 2018ರ ವರೆಗೆ ಪದವಿಯಲ್ಲಿದ್ದನು. ಅದೇ ವರ್ಷ ರಷ್ಯದ ಹಿಂದಿನ ಉಪಪ್ರಧಾನಿಗಳಲ್ಲೊಬ್ಬನಾದ ಅರ್ಕಾದಿ ದ್ವೊರ್ಕೊವಿಚ್ ಅಧ್ಯಕ್ಷನಾದನು. 2022ರಲ್ಲಿ ಆತನೊಡನೆ ನಮ್ಮ ಆನಂದರು ಉಪಾಧ್ಯಕ್ಷರಾಗಿ ಚುನಾಯಿತರಾದರು. ಮನ್ನಣೆಯನ್ನು ಬೇಡಲು ರಾಜ್ಯಗಳೊಡನೆಯೂ ಸಮಿತಿಗಳೊಡನೆಯೂ ವ್ಯವಹರಿಸಬಲ್ಲವರು ಬೇಕು. ಅಂತಹವರು ಹೆಚ್ಚಾಗಿ ರಾಜಕಾರಣದಿಂದಲೇ ಬರುವರು. ಇಲ್ಲಿ ನಾನು ಯಾರನ್ನೂ ನಿಂದಿಸುತ್ತಿಲ್ಲ, ಕಾರ್ಯಕಾರಣವನ್ನು ತೋರಿಸುತ್ತಿದ್ದೇನೆ.

ದೇಶಗಳ ಶಾಸನಗಳಿಗೆ ಬಂದರೆ ಸಂಜ್ಞೆಯ ಸ್ವಭಾವವು ಇನ್ನೂ ನಿಚ್ಚಳವಾಗುವುದು. ಜರ್ಮನಿಯ ತೆರಿಗೆಯ ಶಾಸನದಲ್ಲಿ ಸಾರ್ವಜನಿಕ ಹಿತದ ಕಾರ್ಯಗಳನ್ನು ಎಣಿಸುವ 52ನೆಯ ವಿಧಿಯಿದೆ. ಅಲ್ಲಿ ಕ್ರೀಡೆಯ ಪೋಷಣೆಯನ್ನು ಹೇಳಿ, ಪಕ್ಕದಲ್ಲಿ ಆವರಣಚಿಹ್ನೆಯೊಳಗೆ, ಚದುರಂಗವನ್ನು ಕ್ರೀಡೆಯೆಂದು ಎಣಿಸತಕ್ಕದ್ದೆಂದು ಸೇರಿಸಿದ್ದಾರೆ. ಚದುರಂಗವು ಕ್ರೀಡೆಯೆಂದು ಅಲ್ಲಿ ಹೇಳಿಲ್ಲ; ಕ್ರೀಡೆಯೆಂದು ಎಣಿಸಬೇಕೆಂದಿದೆ. ಪಾಣಿನೀಯರ ‘ವತ್’ ಪ್ರತ್ಯಯದ ಕೆಲಸವನ್ನೇ ಆ ಜರ್ಮನ್ ಕ್ರಿಯಾಪದವು ಮಾಡುತ್ತಿದೆ. ಬರೆದವರು ನಮ್ಮ ಶಾಸ್ತ್ರವನ್ನು ಓದಿದ್ದರೆಂದು ಹೇಳಲಾರೆವಾದರೂ ಓದಿದ್ದರೆ ಬೇರೆ ರೀತಿಯಾಗಿ ಬರೆಯುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಒಂದೇ ರಾಜ್ಯದೊಳಗೆ ಎರಡು ಸಂಜ್ಞೆಗಳಿವೆ. 2011ರ ಧರ್ಮದತ್ತಿಗಳ ಶಾಸನವು ದೇಹದ ಇಲ್ಲವೆ ಮನಸ್ಸಿನ ಕೌಶಲ ಅಥವಾ ಶ್ರಮದಿಂದ ಆರೋಗ್ಯವನ್ನು ವೃದ್ಧಿಪಡಿಸುವ ಆಟಗಳೆಲ್ಲವನ್ನೂ ಕ್ರೀಡೆಯ ಲಕ್ಷಣದೊಳಗೆ ತರುತ್ತದೆ. ಕ್ರೀಡೆಗೆ ಹಣವನ್ನು ಹಂಚುವ ಸಂಸ್ಥೆಯಾದರೋ ದೇಹಚಟುವಟಿಕೆಯಿಲ್ಲದುದನ್ನು ಒಪ್ಪುವುದಿಲ್ಲ. ಈ ವಿಷಯವು ನ್ಯಾಯಾಲಯಕ್ಕೆ ಹೋದುದು ಚದುರಂಗದ ಮೂಲಕವಲ್ಲ, ಅದರ ಸೋದರನಂತಿರುವ ಬ್ರಿಜ್ ಎಂಬ ಇಸ್ಪೀಟಿನ ಆಟದ ಮೂಲಕ. 2015ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯವು ಆ ಸಂಸ್ಥೆಯ ನಿರಾಕರಣೆಯನ್ನು ಎತ್ತಿಹಿಡಿಯಿತು. ಸ್ಪರ್ಧೆಯ ಪ್ರವೇಶಶುಲ್ಕದ ಮೇಲಿನ ತೆರಿಗೆಯ ವಿಷಯದಲ್ಲಿ ಯೂರೋಪಿನ ನ್ಯಾಯಾಲಯವು 2017ರ ಅಕ್ಟೋಬರ್ 26ರಂದು, ದೇಹಚಟುವಟಿಕೆಯು ಗಣನೆಗೆ ಬಾರದಷ್ಟು ಅಲ್ಪವಾಗಿರುವ ಆಟವು ಆ ತೆರಿಗೆಯ ಶಾಸನದ ಮಟ್ಟಿಗೆ ಕ್ರೀಡೆಯಲ್ಲವೆಂದು ತೀರ್ಪಿತ್ತಿತು. ‘ಆ ಶಾಸನದ ಮಟ್ಟಿಗೆ’ ಎಂಬ ಮಾತನ್ನು ಒತ್ತಿ ಓದಬೇಕು. ಅದೇ ನ್ಯಾಯಾಲಯವು, ಇಂತಹ ಆಟವು ಸಾಂಸ್ಕೃತಿಕ ಸೇವೆಯೆಂಬ ಬೇರೆ ಹೆಸರಿನ ಕೆಳಗೆ ವಿನಾಯಿತಿಯನ್ನು ಪಡೆಯುವ ಸಂಭವವನ್ನು ತೆರೆದಿಟ್ಟಿದೆ. ಒಂದು ಸಂಜ್ಞೆಯ ಬಾಗಿಲು ಮುಚ್ಚಿದರೆ ಮತ್ತೊಂದು ಸಂಜ್ಞೆಯ ಬಾಗಿಲಿನಿಂದ ಅದೇ ಕಾರ್ಯವನ್ನು ಪಡೆಯಬಹುದೆಂದು ಇದರ ತಾತ್ಪರ್ಯ.

ಹಾಗಾದರೆ ಹೆಸರು ಬಂದರೂ ಬಾರದಿದ್ದರೂ ಒಂದೇ ಅಲ್ಲವೆ ಎಂದು ಕೇಳಬಹುದು. ಹಾಗಲ್ಲ. ಸಂಜ್ಞೆಯು ಕಾರ್ಯಾರ್ಥವೆಂದು ಹೇಳಿದುದರಿಂದಲೇ ಅದು ನಿರರ್ಥಕವಲ್ಲವೆಂದು ಸಿದ್ಧವಾಯಿತು. ನಮ್ಮ ದೇಶದ ದೃಷ್ಟಾಂತವೇ ಇದಕ್ಕೆ ಸಾಕು. ಅಖಿಲ ಭಾರತ ಚದುರಂಗ ಸಂಘವು 1951ರಲ್ಲಿ ಸ್ಥಾಪಿತವಾಯಿತು. 1961ರಲ್ಲಿ ಆರಂಭವಾದ ಅರ್ಜುನ ಪ್ರಶಸ್ತಿಯ ಮೊದಲ ಸಾಲಿನಲ್ಲಿಯೇ ಚದುರಂಗದ ಮ್ಯಾನ್ಯುಯಲ್ ಆರನ್ ಅವರ ಹೆಸರಿದೆ. ಖೇಲ್ ರತ್ನ ಪ್ರಶಸ್ತಿಯು 1991–92ರಲ್ಲಿ ಹುಟ್ಟಿದಾಗ ಅದನ್ನು ಮೊದಲು ಪಡೆದವರು ಓಟಗಾರರೂ ಅಲ್ಲ, ಚೆಂಡಾಟದವರೂ ಅಲ್ಲ, ಚದುರಂಗದ ಆನಂದರು. ಯೂರೋಪಿನಲ್ಲಿ ನ್ಯಾಯಾಲಯಗಳ ಮೆಟ್ಟಿಲು ಹತ್ತಿದ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಎತ್ತಲೇ ಇಲ್ಲ. ‘ಕ್ರೀಡೆ’ ಎಂಬ ನಮ್ಮ ಶಬ್ದದ ವಿಶಾಲಾರ್ಥವು ಇದಕ್ಕೆ ಸ್ವಲ್ಪಮಟ್ಟಿಗೆ ಸಹಾಯಮಾಡಿರಬಹುದೆಂದು ನನ್ನ ಊಹೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಅರಮನೆಯಲ್ಲಿ ಕುದುರೆಯ ನಡೆಯ ಬಂಧಗಳನ್ನು ರಚಿಸುತ್ತ ಕುಳಿತಿದ್ದಾಗ ಅದು ಕ್ರೀಡೆಯೋ ವಿದ್ಯೆಯೋ ಎಂದು ಯಾರೂ ಅವರನ್ನು ಕೇಳಿರಲಾರರು. ಈ ಹೆಸರಿನ ಬಲದಿಂದ ರೈಲ್ವೆ, ಬ್ಯಾಂಕು, ತೈಲದ ಸಂಸ್ಥೆಗಳಲ್ಲಿ ಆಟಗಾರರಿಗೆ ಕ್ರೀಡಾವಿಭಾಗದ ಉದ್ಯೋಗಗಳು ದೊರೆತುವು. ಸಾಧಾರಣ ಕುಟುಂಬದ ಹುಡುಗನೊಬ್ಬನು ಹತ್ತು ವರ್ಷ ಆಟದಲ್ಲಿ ಕಳೆಯಬಹುದೆ, ಬೇಡವೆ ಎಂಬುದನ್ನು ಅವನ ತಂದೆತಾಯಿಗಳು ನಿರ್ಧರಿಸುವಾಗ ಇಂತಹ ಉದ್ಯೋಗಗಳು ಒಲಿಂಪಿಕ್ ಪದಕಕ್ಕಿಂತ ಹೆಚ್ಚಿನ ಪ್ರಮಾಣವಾಗುವುವು. 2017ರಲ್ಲಿ ಮೈಸೂರಿನ ತೇಜಕುಮಾರರು ಕರ್ನಾಟಕದ ಮೊದಲ ಗ್ರ್ಯಾಂಡ್ ಮಾಸ್ಟರ್ ಆದರು. 2024ರಲ್ಲಿ ಬುಡಾಪೆಸ್ಟಿನ ಒಲಿಂಪಿಯಾಡಿನ ಎರಡು ವಿಭಾಗಗಳಲ್ಲಿಯೂ ಭಾರತಕ್ಕೆ ಚಿನ್ನ ಬಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ಗುಕೇಶ್ ಹದಿನೆಂಟನೆಯ ವಯಸ್ಸಿನಲ್ಲಿ ವಿಶ್ವವಿಜೇತನಾದನು.

ಒಲಿಂಪಿಕ್ ಉತ್ಸವದ ಆಸೆಯನ್ನು ಫಿಡೆಯು ಇನ್ನೂ ಬಿಟ್ಟಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಒಲಿಂಪಿಕ್ ಉತ್ಸವವು ಮುಗಿದ ಕೆಲವು ವಾರಗಳಲ್ಲಿಯೇ ಬ್ರಿಜ್ ಮೊದಲಾದ ಆಟಗಳೊಡನೆ ಸೇರಿ ಬುದ್ಧಿಕ್ರೀಡೆಗಳ ಉತ್ಸವವೊಂದನ್ನು ನಡೆಸಿದರು. 2022ರಲ್ಲಿ ಒಲಿಂಪಿಯಾಡು ಮಾಸ್ಕೋದಿಂದ ಮಾಮಲ್ಲಪುರಕ್ಕೆ ವರ್ಗವಾದಾಗ, ಚದುರಂಗದ ಇತಿಹಾಸದಲ್ಲಿ ಮೊದಲ ಬಾರಿಗೆ ಜ್ಯೋತಿಯಾತ್ರೆಯನ್ನು ಏರ್ಪಡಿಸಿ, ದೆಹಲಿಯಿಂದ ಹೊರಡಿಸಿ 75 ನಗರಗಳಲ್ಲಿ ಮೆರೆಯಿಸಿದರು. ಒಲಿಂಪಿಕ್ ವಿಧಿಯ ಅನುಕರಣವೆಂಬುದು ಸ್ಪಷ್ಟ. ಏಷ್ಯದ ಕ್ರೀಡೋತ್ಸವದಲ್ಲಿ ಮಾತ್ರ ಪ್ರವೇಶ ದೊರೆಯಿತು, ಅದೂ ಸ್ಥಿರವಾಗಿ ಅಲ್ಲ. 2006ರಲ್ಲಿ ದೋಹಾದಲ್ಲಿ ಸೇರಿತು. ಅಲ್ಲಿ ಕೋನೇರು ಹಂಪಿಯವರು ಮಹಿಳೆಯರ ಚಿನ್ನವನ್ನು ಗೆದ್ದರು. 2010ರಲ್ಲಿ ಗ್ವಾಂಗ್‍ಝೌ ನಗರದಲ್ಲಿ ಉಳಿಯಿತು, 2014 ಮತ್ತು 2018ರಲ್ಲಿ ಹೊರಗೆ ಹೋಯಿತು, 2023ರಲ್ಲಿ ಹಾಂಗ್‍ಝೌ ನಗರದ ಉತ್ಸವದಲ್ಲಿ ಮತ್ತೆ ಒಳಗೆ ಬಂದಿತು. ಈ ಹದಿನೇಳು ವರ್ಷಗಳಲ್ಲಿ ಚದುರಂಗದ ಮಣೆಯ 64 ಮನೆಗಳಲ್ಲಿ ಒಂದೂ ಹೆಚ್ಚಲಿಲ್ಲ, ಒಂದೂ ಕಡಮೆಯಾಗಲಿಲ್ಲ. ಉತ್ಸವವನ್ನು ನಡೆಸುವ ದೇಶವು ಮಾತ್ರ ಬದಲಾಯಿತು.

ತಾನು ಹುಟ್ಟಿದ ಊರಿನಲ್ಲಿಯೇ ನೂರನೆಯ ವರ್ಷದಲ್ಲಿ ಉತ್ಸವದೊಳಗೆ ಪ್ರವೇಶಿಸಬೇಕೆಂದು ಫಿಡೆಯು 2019ರಲ್ಲಿ ಪ್ಯಾರಿಸ್ಸಿನ 2024ರ ಒಲಿಂಪಿಕ್ ಕಾರ್ಯಕ್ರಮಕ್ಕೆ ಬೇಡಿಕೆಯನ್ನು ಮಂಡಿಸಿತು. ಅಲ್ಲಿಯ ವ್ಯವಸ್ಥಾಪಕರು ಆರಿಸಿಕೊಂಡುದು ನೆಲದ ಮೇಲೆ ಹೊರಳಿ ಕುಣಿಯುವ ಬ್ರೇಕಿಂಗ್ ಎಂಬ ನೃತ್ಯವನ್ನೂ, ಗೋಡೆ ಹತ್ತುವುದು, ಗಾಲಿಹಲಗೆ, ಅಲೆಯ ಮೇಲಿನ ಸವಾರಿಗಳನ್ನೂ. ಅದಕ್ಕೆ ಒಂದು ವರ್ಷ ಮುಂಚೆ, 2023ರ ಜೂನ್ ತಿಂಗಳಲ್ಲಿ, ಒಲಿಂಪಿಕ್ ಸಮಿತಿಯು ಸಿಂಗಪುರದಲ್ಲಿ ಯಂತ್ರದ ತೆರೆಯ ಮೇಲೆ ಆಡುವ ಆಟಗಳ ಸ್ಪರ್ಧೆಯೊಂದನ್ನು ನಡೆಸಿತು. ಬಿಲ್ಲುಗಾರಿಕೆ, ಹಾಯಿದೋಣಿ, ಟೆನ್ನಿಸ್ ಮೊದಲಾದ ದೇಹಕ್ರೀಡೆಗಳ ಛಾಯಾರೂಪಗಳ ನಡುವೆ ಅಲ್ಲಿ ಚದುರಂಗಕ್ಕೂ ಸ್ಥಾನವನ್ನು ಕೊಟ್ಟಿದ್ದರು.